ಹೆಮ್ಮರಗಳ ನೆರಳು, ಹೊಳೆದಂಡೆಯ ಬಿಡಾರ

(ನಮ್ಮ ಕೂಟದ ಅಬ್‌ಸ್ಟಾಟ್ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಚಾರವಾಗಿ ಎರಡು ಮಾತು ಆಡಿಸಿ ಕಳುಹಿಸುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ನಮಗೆ ಬೇರೊಂದು ವಿಷಯವನ್ನು ಒಪ್ಪಿಸಿದ್ದಾರೆ. ಕಳೆದ ಯುಗಾದಿಯ ಊಟದ ಪಂಕ್ತಿಯಲ್ಲಿ ಒಬ್ಬ ಸ್ನೇಹಿತರು ತಮ್ಮ ಭಾವಮೈದುನರು ಕಳುಹಿಸಿದ ಭಾವಚಿತ್ರವನ್ನು ತೋರಿಸಿದರು. ಕ್ಯಾಲಿಫೋರ್ನಿಯಾದ ಸ್ಮಿತ್ ನದಿಯ ದಂಡೆ, ಆಕಾಶಕ್ಕೆ ಏಣಿಯಿಟ್ಟಂತಹ ರೆಡ್‌ವುಡ್ ಮರಗಳು, ಅವುಗಳ ಬುಡದಲ್ಲಿ ಒಂದು ಪುಟ್ಟ ಡೇರೆ. "ಐದು ಜನರ ವಿಮಾನದ ಖರ್ಚು ನಮ್ಮಿಂದಾಗದು ಡಾಕ್ಟರೇ, ಇಲ್ಲೇ ಎಲ್ಲಾದರೂ ಇಂಥದ್ದು ಉಂಟೇ?" ಎಂದು ಕೇಳಿದರು. ಉಂಟು. ಬಹಳ ಹತ್ತಿರದಲ್ಲೇ ಉಂಟು. ಆದರೆ ಹೋಗುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳೂ ಉಂಟು. ಅವುಗಳಲ್ಲಿ ಒಂದನ್ನು ನಾವು ಸೊರಬದ ಕಡೆಯ ಕಾಡಂಚಿನಲ್ಲಿ, ಬಾಲ್ಯದಲ್ಲೇ ಕಂಡವರು.

ಮೊದಲು ಮರಗಳ ವಿಚಾರ. ರೆಡ್‌ವುಡ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಜಾತಿಗಳಿವೆ. ಕ್ಯಾಲಿಫೋರ್ನಿಯಾದ ಕರಾವಳಿಯ ಮಂಜಿನಲ್ಲಿ ಬೆಳೆಯುವುದು ಎತ್ತರದಲ್ಲಿ ಮೇಲು. ಅವುಗಳಲ್ಲಿ ಅತ್ಯುನ್ನತವಾದ ಹೈಪೀರಿಯನ್ ಎಂಬ ಮರ 115 ಮೀಟರನ್ನು ಮೀರಿದೆ. ಸಿಯೆರಾ ನೆವಾಡ ಪರ್ವತದಲ್ಲಿ ಬೆಳೆಯುವುದು ದಪ್ಪದಲ್ಲಿ ಮೇಲು. ಮೂರು ಸಾವಿರ ವರ್ಷಗಳನ್ನು ದಾಟಿದ ಮರಗಳು ಅದರಲ್ಲಿವೆ. ಕರಾವಳಿಯ ಜಾತಿಗೆ ಜರ್ಮನಿಯ ಚಳಿ ಒಗ್ಗುವುದು ಕಷ್ಟ. ಪರ್ವತದ ಜಾತಿ ಮಾತ್ರ ಇಲ್ಲಿ ಚೆನ್ನಾಗಿ ನೆಲೆಯೂರಿದೆ. ಜರ್ಮನರು ಅದನ್ನು 'ಮಮ್ಮುಟ್‌ಬೌಮ್' ಎನ್ನುತ್ತಾರೆ, ಆನೆಮರ ಎಂದಂತೆ.

ಇದು ಇಲ್ಲಿಗೆ ಬಂದ ಕಥೆ ಸ್ವಾರಸ್ಯವಾಗಿದೆ. ವ್ಯೂರ್ಟೆಂಬರ್ಗಿನ ದೊರೆ ಒಂದನೆಯ ವಿಲ್‌ಹೆಲ್ಮ್ 1864ರಲ್ಲಿ ಈ ಮರದ ಬೀಜಗಳನ್ನು ಅಮೆರಿಕದಿಂದ ತರಿಸಲು ಆಜ್ಞೆ ಮಾಡಿದನು. ಆತ ಕೇಳಿದ್ದು ಒಂದು 'ಲೋಟ್' ತೂಕ, ಅಂದರೆ ಹದಿನೈದು ಗ್ರಾಂಗಿಂತ ತುಸು ಹೆಚ್ಚು; ಬಂದದ್ದು ಒಂದು ಪೌಂಡು ಎಂಬ ದಂತಕಥೆಯಿದೆ. ಗುಮಾಸ್ತರ ಕೈತಪ್ಪೋ ಅಂಗಡಿಯವರ ಜಾಣತನವೋ, ಅಂತೂ ಬೀಜಗಳು ಧಾರಾಳವಾಗಿ ಬಂದವು. ಅಷ್ಟರಲ್ಲಿ ದೊರೆ ತೀರಿಕೊಂಡಿದ್ದನು. 1865ರಲ್ಲಿ ಸ್ಟುಟ್‌ಗಾರ್ಟಿನ ವಿಲ್‌ಹೆಲ್ಮಾ ಉದ್ಯಾನದಲ್ಲಿ ಬಿತ್ತಿದಾಗ ಸಾವಿರಾರು ಸಸಿಗಳು ಎದ್ದವು. ಇಷ್ಟನ್ನು ಎಲ್ಲಿ ನೆಡುವುದೆಂದು ತೋಚದೆ ರಾಜ್ಯದ ಅರಣ್ಯಗಳಿಗೆಲ್ಲ ಹಂಚಿದರು. ಕಡು ಚಳಿಗಾಲಗಳಲ್ಲಿ ಅನೇಕ ಸತ್ತವು; ಉಳಿದವು ಈಗ ಸುಮಾರು 160 ವರ್ಷ ಪ್ರಾಯದವು, 40 ಮೀಟರ್ ಮೀರಿದವು ಹಲವು.

ವಿಲ್‌ಹೆಲ್ಮಾದಲ್ಲಿ ಅವುಗಳ ತೋಪನ್ನು ಇಂದಿಗೂ ನೋಡಬಹುದು. ಆದರೆ ಅಲ್ಲಿ ಪ್ರವೇಶಧನವುಂಟು, ಜನಸಂದಣಿಯುಂಟು. ಕಾಡಿನಲ್ಲೇ ನೋಡಬೇಕೆಂದರೆ ವೆಲ್ತ್ಸ್‌ಹೈಮ್ ಎಂಬ ಊರಿನ ಟಾನ್‌ವಾಲ್ಡಿಗೆ ಹೋಗಬೇಕು. ಅಬ್‌ಸ್ಟಾಟ್‌ನ ದ್ರಾಕ್ಷಿತೋಟಗಳ ಆಚೆ, ಪೂರ್ವಕ್ಕೆ ನೀಲಿಯಾಗಿ ಕಾಣುವ ಲೋವೆನ್‌ಸ್ಟೈನ್ ಬೆಟ್ಟಗಳಿಂದ ಅಲ್ಲಿಯವರೆಗೆ ಶ್ವಾಬಿಷ್-ಫ್ರೆಂಕಿಷ್ ಅರಣ್ಯದ ಸೀಮೆಯೇ ಹಬ್ಬಿದೆ. ಮರದ ತೊಗಟೆ ನಾರಿನಿಂದಾದದ್ದು, ಒತ್ತಿದರೆ ಹಾಸಿಗೆಯಂತೆ ಮೆತ್ತಗೆ. ನಮ್ಮ ಮಗ ಅದಕ್ಕೆ ಮುಷ್ಟಿಯಿಂದ ಗುದ್ದಿ, ಕೈ ನೋಯಲಿಲ್ಲವೆಂದು ಆಶ್ಚರ್ಯಪಟ್ಟಿದ್ದನು. ದಪ್ಪ ತೊಗಟೆಯೇ ಕಾಳ್ಗಿಚ್ಚಿನಿಂದ ಅದಕ್ಕೆ ರಕ್ಷೆ. ಬೆಂಕಿಯ ಬಿಸಿಗೇ ಕಾಯಿಗಳು ಬಿರಿದು ಬೀಜ ಉದುರುತ್ತದೆ. ಆದರೂ ತವರಿನಲ್ಲಿ 2020 ಮತ್ತು 2021ರ ಭೀಕರ ಬೆಂಕಿಗೆ ದೊಡ್ಡ ಮರಗಳಲ್ಲಿ ನೂರಕ್ಕೆ 13ರಿಂದ 19ರಷ್ಟು ನಾಶವಾದವೆಂದು ಅಂದಾಜಿಸಲಾಗಿದೆ.

ಇನ್ನು ತಂಗುವ ವಿಚಾರ. 2004ರಲ್ಲಿ ಬಾಷ್ ಸಂಸ್ಥೆಯ ಕೇಂದ್ರ ಅಬ್‌ಸ್ಟಾಟಿಗೆ ಬಂದ ತರುವಾಯ ಇಲ್ಲಿಗೆ ಬಂದ ನಮ್ಮವರಲ್ಲಿ ಅನೇಕರು ಬೆಂಗಳೂರಿನ 'ಮೈಕೋ' ಕಡೆಯವರು. ಎರಡೋ ಮೂರೋ ವರ್ಷದ ಮಟ್ಟಿಗೆ ಬಂದು, ಉಳಿತಾಯದ ಕಡೆಗೂ ಕಣ್ಣಿಟ್ಟು ಬಾಳುವವರು. ಅವರಿಗೆ ಹೋಟೆಲಿಗಿಂತ ಬಿಡಾರವೇ ಲೇಸು. ಇದರಲ್ಲಿ ಎರಡು ಬಗೆ. 'ಕ್ಯಾಂಪಿಂಗ್‌ಪ್ಲಾಟ್ಸ್' ಎಂಬಲ್ಲಿ ಡೇರೆ ಹಾಕಬಹುದು, ಸ್ನಾನಗೃಹ, ಪಾತ್ರೆ ತೊಳೆಯುವ ಕಟ್ಟೆ ಇರುತ್ತವೆ. 'ಸ್ಟೆಲ್‌ಪ್ಲಾಟ್ಸ್' ಎಂಬುದು ವಾಸದ ವಾಹನ ನಿಲ್ಲಿಸಲು ಮಾತ್ರ. ನೀರು, ವಿದ್ಯುತ್ತಿಗೆ ನಾಣ್ಯ ಹಾಕಬೇಕು. ಬಾಡಿಗೆ ಬಹಳ ಕಡಿಮೆ, ಕೆಲವು ಹಳ್ಳಿಗಳಲ್ಲಿ ಉಚಿತವೂ ಉಂಟು. ನಮಗೆ ಸಮೀಪದ್ದು ಓಬರ್‌ಸುಲ್ಮ್ ಬಳಿಯ ಬ್ರೈಟೆನೌ ಸರೋವರ. ಪ್ರವಾಹ ತಡೆಯಲೆಂದು ಕಟ್ಟಿದ, ಸುಮಾರು 40 ಹೆಕ್ಟೇರಿನ ಕೆರೆ, ದಡದಲ್ಲೇ ಬಿಡಾರದ ಬಯಲು. ವೆಲ್ತ್ಸ್‌ಹೈಮಿನ ಐಶ್‌ಸ್ಟ್ರುಟ್ ಜಲಾಶಯದ ಬಳಿಯೂ ತಂಗಬಹುದು. ನೆಕ್ಕರ್ ನದಿಯ ದಂಡೆಯಲ್ಲಂತೂ ಹೈಡೆಲ್‌ಬರ್ಗಿನವರೆಗೆ ಸಾಲುಸಾಲಾಗಿ ಇವೆ.

ನಿಯಮಗಳನ್ನು ಇಲ್ಲಿ ದೇವರ ಮಾತಿನಂತೆ ಪಾಲಿಸುತ್ತಾರೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಸಾಮಾನ್ಯವಾಗಿ ಮೌನ; ಆ ಹೊತ್ತಿಗೆ ಬಂದರೆ ಗೇಟು ತೆರೆಯುವುದಿಲ್ಲ. ರಾತ್ರಿ ಹತ್ತರ ಮೇಲೆ ಅಂತ್ಯಾಕ್ಷರಿ ಸಲ್ಲದು. ಕಾಡಿನಲ್ಲಿ ಮನಬಂದ ಕಡೆ ಡೇರೆ ಹಾಕುವಂತಿಲ್ಲ. ಸಾಸಿವೆ, ಇಂಗಿನ ಒಗ್ಗರಣೆಯ ಘಾಟು ನೆರೆಯವರಿಗೆ ತೊಂದರೆಯಾದೀತೆಂಬ ಅಳುಕು ನಮ್ಮ ಮನೆಯವರಿಗೆ ಇತ್ತು. ನೆರೆಯ ಡೇರೆಯ ಅಜ್ಜಿ ಎರಡನೆಯ ದಿನ ತಟ್ಟೆ ಹಿಡಿದೇ ಬಂದರು.

ಹೊಳೆಯ ದಂಡೆಯ ಜಾಗ ಅಗ್ಗವೇಕೆಂದು ತಾವು ಎಂದಾದರೂ ಯೋಚಿಸಿದ್ದೀರಾ? ಹಲವೆಡೆ ಅದು ಮನೆ ಕಟ್ಟಲು ಅನುಮತಿ ಸಿಗದ ನೆಲ. ಏಕೆ ಸಿಗದು? ಹೊಳೆ ಉಕ್ಕಿದಾಗ ಅದು ಹೊಳೆಯದೇ ನೆಲ. ಸ್ಪೇನಿನ ಬಿಯೆಸ್ಕಾಸ್ ಎಂಬಲ್ಲಿ 1996ರ ಆಗಸ್ಟ್ 7ರ ಸಂಜೆ ಬೆಟ್ಟದ ಹಳ್ಳವೊಂದು ಉಕ್ಕಿ ಬಿಡಾರದ ಬಯಲಿಗೆ ನುಗ್ಗಿ 87 ಜನ ಸತ್ತರು. ಆ ಬಯಲು ಇದ್ದದ್ದು ಹಳ್ಳವು ಬೆಟ್ಟದಿಂದ ಇಳಿದು, ಶತಮಾನಗಳಿಂದ ಕಲ್ಲುಮಣ್ಣು ಹರಡಿ ಮಾಡಿದ ಬೀಸಣಿಗೆಯಾಕಾರದ ಸಮತಟ್ಟಿನ ಮೇಲೆ. ಹುಲ್ಲು ಹಸಿರಾಗಿ, ನೆಲ ಮಟ್ಟಸವಾಗಿ, ಬಿಡಾರಕ್ಕೆ ಹೇಳಿ ಮಾಡಿಸಿದಂತೆ ಕಂಡಿತ್ತು. ಅಷ್ಟು ದೂರವೂ ಬೇಡ. 2024ರ ಜೂನ್ ಮೊದಲ ವಾರದಲ್ಲಿ, ಇದೇ ವೆಲ್ತ್ಸ್‌ಹೈಮ್ ಕಾಡಿನಿಂದ ಇಳಿಯುವ ವೀಸ್‌ಲೌಫ್ ಎಂಬ ಪುಟ್ಟ ಹೊಳೆ ರೂಡರ್ಸ್‌ಬರ್ಗನ್ನು ಮುಳುಗಿಸಿತು. ಕೆಳಗಿನ ಶೋರ್ನ್‌ಡೋರ್ಫ್‌ನಲ್ಲಿ ಇಬ್ಬರು ನೆಲಮಾಳಿಗೆಯಲ್ಲಿ ಪ್ರಾಣ ಕಳೆದುಕೊಂಡರು. ಬೇಸಿಗೆಯಲ್ಲಿ ಆ ಹೊಳೆಯಲ್ಲಿ ಮಕ್ಕಳು ಕಾಲಾಡಿಸುತ್ತಾರೆ.

ನಮ್ಮದೇ ಅನುಭವ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ನದಿಯ ಬದಿಯಲ್ಲಿ, ನೀರಿಗೆ ಹತ್ತು ಹೆಜ್ಜೆ ದೂರದಲ್ಲಿ ಡೇರೆ ಹಾಕಿದ್ದೆವು. ನಮ್ಮ ಮೇಲೆ ಒಂದು ಹನಿ ಮಳೆಯಿಲ್ಲ. ದೂರದ ಬೆಟ್ಟದಲ್ಲಿ ಮಾತ್ರ ಮಿಂಚು. ನಡುರಾತ್ರಿ ನೆರೆಯ ವಾಹನದ ವೃದ್ಧರೊಬ್ಬರು ಡೇರೆಯನ್ನು ತಟ್ಟಿ, ನೀರಿನ ಬಣ್ಣ ಬದಲಾಗಿದೆ, ಮೇಲಕ್ಕೆ ನಡೆಯಿರಿ ಎಂದರು. ಡೇರೆಯನ್ನು ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಹೋದೆವು. ಬೆಳಗಿನ ಜಾವ ನೋಡಿದರೆ ನಾವು ಮಲಗಿದ್ದಲ್ಲಿ ಮೊಳಕಾಲುದ್ದ ಕೆಸರುನೀರು. ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ: ಬಿಡಾರ ಸೇರಿದೊಡನೆ ಕಾಫಿಗೂ ಮೊದಲು ಎತ್ತರದ ಜಾಗಕ್ಕೆ ಹೋಗುವ ಕಾಲುದಾರಿಯನ್ನು ನಡೆದು ನೋಡುವುದು, ಹೊಳೆಯ ಪಕ್ಕದ ಪೊದೆಗಳಲ್ಲಿ ಹಳೆಯ ಕಸಕಡ್ಡಿ ಯಾವ ಎತ್ತರಕ್ಕೆ ಸಿಕ್ಕಿಕೊಂಡಿದೆ ಎಂದು ಗಮನಿಸುವುದು. ಆ ಕಸವೇ ಹೊಳೆಯ ದಸ್ತಾವೇಜು.

ಈಗ ನಾವು ಮುಖ್ಯವಾಗಿ ಹೇಳಬಂದದ್ದಕ್ಕೆ ಬರುತ್ತೇವೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಕಾಡಿಗೆ ಹೋದ ಜನ ಜ್ವರದಿಂದ ಮಲಗಿದ್ದು ತಮ್ಮಲ್ಲಿ ಮಲೆನಾಡಿನವರಿಗೆ ತಿಳಿದೇ ಇದೆ. ಮಂಗನ ಕಾಯಿಲೆ ಎಂದು ಹೆಸರಾಯಿತು. ವೈದ್ಯಶಾಸ್ತ್ರದಲ್ಲಿ ಇಂದಿಗೂ ಅದು ಕ್ಯಾಸನೂರು ಕಾಡಿನ ಕಾಯಿಲೆ. ಹರಡುವುದು ಉಣುಗಿನಿಂದ, ಕೆಲವು ಕಡೆ ಉಣ್ಣೆ ಎನ್ನುತ್ತೇವೆ. ನಮ್ಮ ಬಾಲ್ಯದಲ್ಲಿ ದೊಡ್ಡಪ್ಪನವರ ತೋಟಕ್ಕೆ ಸೊಪ್ಪು ತರುತ್ತಿದ್ದ ಒಬ್ಬ ಆಳು ಎಂಟು ದಿನದ ಜ್ವರ, ಮೂಗಿನಲ್ಲಿ ರಕ್ತ, ಅಷ್ಟರಲ್ಲೇ ತೀರಿಕೊಂಡನು. ಮುಂದೆ ಎಂ.ಬಿ.ಬಿ.ಎಸ್. ಓದುವಾಗ ಆ ವೈರಾಣುವಿನ ಕುಲವೃತ್ತಾಂತವನ್ನು ಓದಿದೆವು. ಅದರ ಹತ್ತಿರದ ದಾಯಾದಿಯೊಂದು ಯೂರೋಪಿನ ಕಾಡುಗಳಲ್ಲಿದೆ, ಅದೂ ಉಣುಗಿನಿಂದಲೇ ಬರುತ್ತದೆ, ಮಿದುಳಿಗೆ ಉರಿಯೂತ ತರುತ್ತದೆ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಉನ್ನತ ತರಬೇತಿಗಾಗಿ ಈ ದೇಶಕ್ಕೆ ಬಂದಾಗ ಆ ದಾಯಾದಿಯ ಮನೆಯಂಗಳಕ್ಕೇ ಬಂದಿದ್ದೇವೆಂದು ಅರಿವಾಯಿತು.

ಜರ್ಮನರು ಅದನ್ನು ಎಫ್.ಎಸ್.ಎಂ.ಇ. ಎನ್ನುತ್ತಾರೆ. ಈ ದೇಶದ ರೋಗಿಗಳಲ್ಲಿ ಬಹುಪಾಲು ಬಾಡೆನ್-ವ್ಯೂರ್ಟೆಂಬರ್ಗ್ ಮತ್ತು ಬವೇರಿಯಾದವರು. ನಮ್ಮ ರಾಜ್ಯ ಬಹುತೇಕ ಪೂರ್ತಿಯಾಗಿ ಅಪಾಯದ ಸೀಮೆಯೆಂದು ಘೋಷಿತವಾಗಿದೆ. ಊರಿನಲ್ಲಿ ಮಂಗನ ಕಾಯಿಲೆ ಒಣಹವೆಯ ತಿಂಗಳುಗಳದ್ದು. ಇಲ್ಲಿ ವಸಂತದಿಂದ ಶರತ್ಕಾಲದವರೆಗೆ, ಅಂದರೆ ಸರಿಯಾಗಿ ಬಿಡಾರದ ಕಾಲ. ಮೊದಲು ಸಾಧಾರಣ ಜ್ವರ ಬಂದು ಇಳಿಯುತ್ತದೆ, ವಾಸಿಯಾಯಿತೆಂದು ನಂಬುತ್ತೇವೆ. ಕೆಲವರಿಗೆ ಸುಮಾರು ಒಂದು ವಾರದ ತರುವಾಯ ತಲೆಸಿಡಿತ, ಕುತ್ತಿಗೆ ಬಿಗಿತ, ಮಂಪರಿನೊಂದಿಗೆ ಮರಳುತ್ತದೆ. ಇದಕ್ಕೆ ಔಷಧಿಯಿಲ್ಲ. ಲಸಿಕೆ ಮಾತ್ರ ಉಂಟು, ಒಳ್ಳೆಯ ಲಸಿಕೆ. ಮಂಗನ ಕಾಯಿಲೆಗೆ ಕರ್ನಾಟಕದಲ್ಲಿ ಕೊಡುತ್ತಿದ್ದ ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದೆ 2022ರಲ್ಲಿ ನಿಂತುಹೋಯಿತು. ಇಲ್ಲಿಯದು ಹಾಗಲ್ಲ. ಮೊದಲ ಚುಚ್ಚುಮದ್ದಾದ ಒಂದರಿಂದ ಮೂರು ತಿಂಗಳಿಗೆ ಎರಡನೆಯದು; ಅದಾದ ಮೇಲೆ ಆ ಋತುವಿಗೆ ರಕ್ಷಣೆ ಸಿಗುತ್ತದೆ. ಮೂರನೆಯದು ಮುಂದಿನ ವರ್ಷದೊಳಗೆ. ಅಪಾಯದ ಸೀಮೆಯಲ್ಲಿ ವಾಸಿಸುವವರಿಗೆ ಆರೋಗ್ಯ ವಿಮೆಯೇ ಖರ್ಚು ಭರಿಸುತ್ತದೆ. ಚಳಿಗಾಲದಲ್ಲಿ ಆರಂಭಿಸಿದರೆ ಮೇ ತಿಂಗಳಿಗೆ ತಯಾರು.

ಇಷ್ಟೆಲ್ಲ ತಿಳಿದ ನಾವು ನಮ್ಮ ಮಗನಿಗೆ ಲಸಿಕೆ ಹಾಕಿಸಿರಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಲೇ ಎರಡು ಬೇಸಿಗೆ ಕಳೆದಿದ್ದೆವು. ಬಿಡಾರದ ಎರಡನೆಯ ಸಂಜೆ ಸ್ನಾನ ಮಾಡಿಸುವಾಗ ಮೊಳಕಾಲಿನ ಹಿಂದೆ ಎಳ್ಳಿನಷ್ಟು ಕಪ್ಪು ಚುಕ್ಕೆ ಕಂಡಿತು, ಎಳ್ಳಿಗೆ ಕಾಲುಗಳಿದ್ದವು. ಮುಂದಿನ ನಾಲ್ಕು ವಾರ ಆ ಒಂಬತ್ತು ವರ್ಷದ ಹುಡುಗನ ಹಣೆ ಮುಟ್ಟಿ ನೋಡದೆ ನಾವಿಬ್ಬರೂ ಮಲಗಲಿಲ್ಲ. ಏನೂ ಆಗಲಿಲ್ಲ. ಆದರೆ ಅದು ನಮ್ಮ ಜಾಣತನದಿಂದಲ್ಲ.

ಉಣುಗು ಕಚ್ಚಿದ್ದು ಕಂಡರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆಯೇ ಹಿಡಿದು ನಿಧಾನವಾಗಿ ನೇರ ಎಳೆಯಬೇಕು. ಊರಿನಲ್ಲಿ ಮಾಡುವಂತೆ ಸೀಮೆಎಣ್ಣೆ, ಸುಣ್ಣ, ಬೀಡಿಯ ಬಿಸಿ ಬೇಡ. ಹಿಂಸೆಗೆ ಅದು ತನ್ನ ಹೊಟ್ಟೆಯಲ್ಲಿದ್ದುದನ್ನು ನಮ್ಮೊಳಕ್ಕೆ ಕಾರುತ್ತದೆ. ಆಮೇಲೆ ಆರು ವಾರ ಆ ಜಾಗವನ್ನು ನೋಡುತ್ತಿರಬೇಕು, ಏಕೆಂದರೆ ಇದೇ ಉಣುಗು ಲೈಮ್ ಕಾಯಿಲೆಯನ್ನೂ ತರುತ್ತದೆ. ಅದಕ್ಕೆ ಲಸಿಕೆ ನಮಗಿನ್ನೂ ದೊರಕದು, ಆದರೆ ಮಾತ್ರೆಯಿಂದ ಗುಣವಾಗುತ್ತದೆ. ಅದರ ಗುರುತು ದಿನೇದಿನೇ ಅಗಲವಾಗುವ ಕೆಂಪು ಉಂಗುರ. ಇಲ್ಲೊಂದು ಮಾತು: ಪುಸ್ತಕದ ಚಿತ್ರಗಳೆಲ್ಲ ಬಿಳಿಯ ಚರ್ಮದವು. ನಮ್ಮ ಬಣ್ಣದ ಮೇಲೆ ಅದು ಕೆಂಪಾಗಿ ಕಾಣದೆ ಕಂದಾಗಿ, ನೇರಳೆಯಾಗಿ, ಹಳೆಯ ಪೆಟ್ಟಿನ ಕಲೆಯಂತೆ ಕಾಣಬಹುದು. ಬಣ್ಣಕ್ಕಿಂತ ಅಗಲವಾಗುತ್ತಿದೆಯೇ ಎಂಬುದನ್ನು ನೋಡಿ. ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಡಿ. ಲೈಮ್‌ನ ರೋಗಾಣು ದಾಟಲು ಸಾಮಾನ್ಯವಾಗಿ ಹಲವು ಗಂಟೆ ಬೇಕು, ಆದ್ದರಿಂದ ಪ್ರತಿ ಸಂಜೆಯ ತಪಾಸಣೆ ಫಲಕೊಡುತ್ತದೆ. ಮಿದುಳಿನ ವೈರಾಣು ಮಾತ್ರ ಕಚ್ಚಿದ ಕೂಡಲೇ ದಾಟಬಲ್ಲದು. ಜ್ವರವೆಂದು ವೈದ್ಯರ ಬಳಿ ಹೋದರೆ ಹಿಂದೆ ಡೆಂಗಿ ಬಂದಿತ್ತೆಂಬುದನ್ನೂ ತಿಳಿಸಿ. ಒಂದೇ ಕುಲದ ವೈರಾಣುಗಳಾದ್ದರಿಂದ ರಕ್ತಪರೀಕ್ಷೆ ಗೊಂದಲಗೊಳ್ಳುವುದುಂಟು. ಹಳ್ಳಿಯ ಮನೆಗಳಲ್ಲಿ ಕೊಂಡ ಹಸಿ ಹಾಲನ್ನು, ಅದರಲ್ಲೂ ಆಡಿನ ಹಾಲನ್ನು ಕುದಿಸದೆ ಕುಡಿಯಬಾರದು. ಈ ಒಂದು ವಿಷಯದಲ್ಲಿ ನಮ್ಮ ತಾಯಂದಿರಿಗೆ ಪಾಠ ಹೇಳಬೇಕಾಗಿಲ್ಲ.

ಸಮಯ ಮೀರುತ್ತಿದೆ, ಇದ್ದಿಲಿನ ಮಾತೊಂದನ್ನು ಹೇಳಿ ಮುಗಿಸುತ್ತೇವೆ. ಸಂಜೆ ಮೆಕ್ಕೆಜೋಳ ಸುಟ್ಟ ಒಲೆಯಲ್ಲಿ ಕೆಂಡ ಉಳಿದಿದೆ, ರಾತ್ರಿ ಚಳಿಯಿದೆ ಎಂದು ಅದನ್ನು ಡೇರೆಯೊಳಗೆ ಇಡುವವರುಂಟು. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುತ್ತಿದ್ದುದನ್ನು ಕಂಡ ನಮ್ಮವರಿಗೆ ಅದು ಸಹಜವೆನಿಸುತ್ತದೆ. ಆ ಹೆಂಚಿನ ಮನೆಗಳಲ್ಲಿ ಗಾಳಿ ನುಸುಳಲು ನೂರು ಸಂದುಗಳಿದ್ದವು, ಡೇರೆಯಲ್ಲಿ ಇಲ್ಲ. ಕೆಂಡ ಹೊಗೆಯಾಡದಿದ್ದರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಡೇರೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಊಟದ ಮೇಲೆ ಅನುಮಾನ ಪಡುವ ಮೊದಲು ಹೊರಕ್ಕೆ ಬಂದು 112ಕ್ಕೆ ಕರೆಮಾಡಿ.

ಬರುವ ಮೇ ತಿಂಗಳಲ್ಲಿ ಬ್ರೈಟೆನೌ ಸರೋವರದ ಬಳಿ ಎರಡು ರಾತ್ರಿ ತಂಗಿ, ಒಂದು ಹಗಲು ವೆಲ್ತ್ಸ್‌ಹೈಮಿನ ಮರಗಳನ್ನು ನೋಡಿ ಬರುವುದೆಂದು ಕಾರ್ಯದರ್ಶಿಗಳು ಏರ್ಪಾಡು ಮಾಡುತ್ತಿದ್ದಾರೆ. ಹೆಸರು ಕೊಡುವವರು ಇಂದೇ ಕೊಡಬಹುದು. ಊರಿನಿಂದ ಬರುವ ಹಿರಿಯರ ಪ್ರವಾಸ ವಿಮೆ ಸಾಮಾನ್ಯವಾಗಿ ಲಸಿಕೆಯ ಖರ್ಚು ಕೊಡುವುದಿಲ್ಲ. ಅವರಿಗೆ ಉದ್ದ ಕಾಲುಚೀಲ, ತಿಳಿಬಣ್ಣದ ಪೈಜಾಮ, ಸಂಜೆಯ ತಪಾಸಣೆ ಇವಿಷ್ಟಾದರೂ ಇರಲಿ. ಉಳಿದವರು ಲಸಿಕೆಯ ಹಳದಿ ಪುಸ್ತಕಗಳನ್ನು ಹುಡುಕಿ, ಮುಂದಿನ ಸಭೆಗೆ ಜೊತೆಯಲ್ಲಿ ತನ್ನಿ. ಚಹಾದ ಹೊತ್ತಿನಲ್ಲಿ ಒಂದೊಂದಾಗಿ ನೋಡಿಕೊಡುತ್ತೇವೆ.