ಒಂದು ತೊಟ್ಟು ರಕ್ತ, ಒಂದು ಕೆಂಪು ಗೆರೆ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಾದ ನಾವು ಬೇಗಂಪೇಟೆಯ ಹಾದಿಯಲ್ಲಿ ಎಷ್ಟೋ ಸಲ ಓಡಾಡಿದ್ದೇವೆ. ಅಲ್ಲಿಯ ಹಳೆಯ ಕಟ್ಟಡವೊಂದರಲ್ಲಿಯೇ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅವರು ಸೊಳ್ಳೆಯ ಜಠರದಲ್ಲಿ ಮಲೇರಿಯಾ ಜೀವಾಣುವನ್ನು ಕಂಡರು. ಅಂದು ಅವರಿಗಿದ್ದ ಆಸರೆ ಸೂಕ್ಷ್ಮದರ್ಶಕ. ಇಂದು ಬೆರಳುದ್ದದ ಪಟ್ಟಿಯೊಂದು ಸುಮಾರು 20 ನಿಮಿಷಗಳಲ್ಲಿ ರೋಗಿಯ ರಕ್ತದಲ್ಲಿ ಆ ಜೀವಾಣುವಿನ ಸುಳಿವನ್ನು ಕೊಡುತ್ತದೆ.

ಇದರ ಮರ್ಮವೇನು? ಫಾಲ್ಸಿಪಾರಮ್ ಎಂಬ ಘೋರ ಮಲೇರಿಯಾದ ಜೀವಾಣು ರಕ್ತದಲ್ಲಿ ಎಚ್‌ಆರ್‌ಪಿ-2 ಎಂಬ ಪ್ರೋಟೀನನ್ನು ಬಿಡುತ್ತದೆ. ಅದನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳೂ ಪ್ರೋಟೀನುಗಳೇ. ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಹೊತ್ತ ಪ್ರತಿಕಾಯವು ಮೊದಲು ಅದನ್ನು ಹಿಡಿಯುತ್ತದೆ. ಪಟ್ಟಿಯ ಮೇಲೆ ಗೆರೆಯಾಗಿ ನೆಲೆಗೊಳಿಸಿದ ಇನ್ನೊಂದು ಪ್ರತಿಕಾಯವು ಎರಡನ್ನೂ ತಡೆದು ನಿಲ್ಲಿಸುತ್ತದೆ. ಕಣಗಳು ಕೂಡಿದಲ್ಲಿ ಕೆಂಪು ಗೆರೆ ಮೂಡುತ್ತದೆ. ಪಕ್ಕದ ನಿಯಂತ್ರಣ ಗೆರೆ ಮೂಡದಿದ್ದರೆ ಮಾತ್ರ ಆ ಪರೀಕ್ಷೆಯೇ ಅಸಿಂಧು.

ಆದರೆ ಜೀವಾಣುವೂ ವಂಚಿಸಬಲ್ಲದು. ಈ ಪ್ರೋಟೀನನ್ನೇ ತಯಾರಿಸದ ಜೀವಾಣುಗಳು ಪೆರು ದೇಶದಲ್ಲಿ ಕಂಡುಬಂದುದು 2010ರಲ್ಲಿ ಪ್ರಕಟವಾಯಿತು. ಆದುದರಿಂದ ಮಲೇರಿಯಾ ಜೀವಾಣುವಿನ ಎಲ್‌ಡಿಎಚ್ ಎಂಬ ಬೇರೊಂದು ಪ್ರೋಟೀನನ್ನು ಹಿಡಿಯುವ ಪಟ್ಟಿಗಳೂ ಬಳಕೆಯಲ್ಲಿವೆ. ಇನ್ನೊಂದು ತೊಡಕೂ ಉಂಟು: ರೋಗ ವಾಸಿಯಾದ ಮೇಲೂ ಎಚ್‌ಆರ್‌ಪಿ-2 ಕೆಲವು ವಾರ ರಕ್ತದಲ್ಲಿ ಉಳಿಯಬಹುದು.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ನಡುಕದ ಜ್ವರ ಬಂದಾಗ, ಗೆರೆ ಮೂಡಲಿಲ್ಲವೆಂದು ನಿಶ್ಚಿಂತರಾಗುವುದು ಸಲ್ಲದು, ವೈದ್ಯರನ್ನು ಕಾಣಲೇಬೇಕು. ಪಟ್ಟಿ ಸಾಕ್ಷಿ ಹೇಳೀತು, ತೀರ್ಪು ಕೊಡುವವರು ವೈದ್ಯರೇ.