ಗೂಗಲ್ ತೋರಿಸುವ ಲಿಂಕ್ ಲೆಕ್ಕವನ್ನು ಎಷ್ಟು ನಂಬಬಹುದು?

ನಮ್ಮವರು ನಡೆಸುವ ಸಣ್ಣ ವ್ಯಾಪಾರಗಳಿಗೆ ಒಂದು ತರಹದ ಇ-ಮೇಲ್ ಆಗಾಗ ಬರ್ತಾ ಇರುತ್ತೆ. ಕೇಟರಿಂಗ್ ಮಾಡೋರು, ಮನೆ ಕೊಡಿಸೋರು, ಭರತನಾಟ್ಯದ ಕ್ಲಾಸ್ ನಡೆಸೋರು, ಕೊನೆಗೆ ಕನ್ನಡ ಕೂಟದ ವೆಬ್‌ಸೈಟ್ ನೋಡಿಕೊಳ್ಳೋ ಸ್ವಯಂಸೇವಕರು, ಯಾರನ್ನೂ ಬಿಟ್ಟಿಲ್ಲ. ನಿಮ್ಮ ಸೈಟಿಗೆ ಬರೀ 40 ಲಿಂಕ್ ಇದೆ, ಪಕ್ಕದವರಿಗೆ 900 ಇದೆ, ತಿಂಗಳಿಗೆ ಇಷ್ಟು ಡಾಲರ್ ಕೊಟ್ಟರೆ ಸರಿ ಮಾಡ್ತೀವಿ ಅನ್ನೋ ಧಾಟಿ. ದುಡ್ಡು ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಈ 40, ಈ 900 ಎಲ್ಲಿಂದ ಬಂತು? ಅದನ್ನು ಎಣಿಸಿದವರು ಯಾರು?

ಮೊದಲು ಲಿಂಕ್ ಯಾಕೆ ಮುಖ್ಯ ಅಂತ ನೋಡೋಣ. ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1996ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರು ಮಾಡಿದ ಹುಡುಕು ಯಂತ್ರಕ್ಕೆ ಮೊದಲು ಇದ್ದ ಹೆಸರು ‘ಬ್ಯಾಕ್‌ರಬ್’. ಒಂದು ಪುಟಕ್ಕೆ ಬೇರೆ ಯಾವ ಯಾವ ಪುಟಗಳು ಲಿಂಕ್ ಕೊಟ್ಟಿವೆ ಅಂತ ಹಿಂದಕ್ಕೆ ಹೋಗಿ ನೋಡೋದೇ ಅದರ ಕೆಲಸ. ನಾಲ್ಕು ಜನ ಒಳ್ಳೇದು ಅಂದರೆ ಅಂಗಡಿಗೆ ಹೆಸರು ಬರುತ್ತಲ್ಲ, ಹಾಗೆ. ಒಳ್ಳೆಯವರು ಕೊಟ್ಟ ಲಿಂಕಿಗೆ ತೂಕ ಜಾಸ್ತಿ. ಇದೇ ಮುಂದೆ ಪೇಜ್‌ರ್‍ಯಾಂಕ್ ಆಗಿ, ಗೂಗಲ್ ಆಗಿ ಬೆಳೆಯಿತು.

ಆದರೆ ತನಗೆ ಗೊತ್ತಿರುವ ಲಿಂಕ್‌ಗಳನ್ನೆಲ್ಲ ಗೂಗಲ್ ಹೊರಗಿನವರಿಗೆ ಯಾವತ್ತೂ ತೋರಿಸಿಲ್ಲ. ಮುಂಚೆ ಹುಡುಕುವ ಪೆಟ್ಟಿಗೆಯಲ್ಲಿ ‘ಲಿಂಕ್’ ಅಂತ ಬರೆದು, ಕೋಲನ್ ಹಾಕಿ, ಸೈಟಿನ ವಿಳಾಸ ಕೊಟ್ಟರೆ ಒಂದು ಪಟ್ಟಿ ಬರ್ತಿತ್ತು. ಅದು ಬರೀ ಸ್ಯಾಂಪಲ್. ಇದನ್ನು ಬಳಸಬೇಡಿ ಅಂತ 2017ರಲ್ಲಿ ಗೂಗಲ್ ಕಡೆಯವರೇ ಹೇಳಿದರು. ಯಾಹೂದ ‘ಸೈಟ್ ಎಕ್ಸ್‌ಪ್ಲೋರರ್’ ಇದಕ್ಕಿಂತ ಧಾರಾಳವಾಗಿ ತೋರಿಸ್ತಿತ್ತು; 2011ರ ನವೆಂಬರಿನಲ್ಲಿ ಅದನ್ನೂ ಮುಚ್ಚಿದರು.

ಈಗ ಉಳಿದಿರೋದು ‘ಗೂಗಲ್ ಸರ್ಚ್ ಕನ್ಸೋಲ್’. ಸೈಟ್ ನಿಮ್ಮದೇ ಅಂತ ತೋರಿಸಿಕೊಟ್ಟರೆ ‘ಲಿಂಕ್ಸ್’ ವರದಿ ಪುಕ್ಕಟೆ ಸಿಗುತ್ತೆ. ಇದರಲ್ಲೂ ಒಂದು ಕೋಷ್ಟಕದಲ್ಲಿ ಕಾಣೋದು ಹೆಚ್ಚೆಂದರೆ 1,000 ಸಾಲು. ಡೌನ್‌ಲೋಡ್ ಮಾಡುವ ಪಟ್ಟಿ ಇನ್ನೂ ದೊಡ್ಡದಿರುತ್ತೆ, ಆದರೆ ಅದೂ ಪೂರ್ತಿ ಅಲ್ಲ. ಅಕೌಂಟ್ಸ್ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಬ್ಯಾಂಕ್ ಸ್ಟೇಟ್‌ಮೆಂಟ್ ಅಂದರೆ ಪೂರ್ತಿ ಲೆಕ್ಕ, ಒಂದು ಸೆಂಟ್ ತಪ್ಪಿದರೂ ಕೇಳಬಹುದು. ಲಿಂಕ್ ವರದಿ ಅಂದರೆ ಆಡಿಟರ್ ನೂರು ವೋಚರಿನಲ್ಲಿ ಹತ್ತು ತೆಗೆದು ನೋಡುವ ಟೆಸ್ಟ್ ಚೆಕ್. ಆ ಹತ್ತನ್ನು ಕೂಡಿಸಿ ವರ್ಷದ ಖರ್ಚು ಇಷ್ಟೇ ಅಂದರೆ ನಗ್ತಾರೆ.

ಒಂದೇ ಸೈಟಿಗೆ ಗೂಗಲ್ ಒಂದು ಅಂಕಿ ಕೊಡುತ್ತೆ, ಬಿಂಗ್ ಇನ್ನೊಂದು, ಏಹ್‌ರೆಫ್ಸ್, ಸೆಮ್‌ರಶ್, ಮೆಜೆಸ್ಟಿಕ್ ತರಹದ ಖಾಸಗಿ ಕಂಪನಿಗಳು ಮತ್ತೊಂದು. ಯಾರೂ ಸುಳ್ಳು ಹೇಳಬೇಕಾಗಿಲ್ಲ. ಎಲ್ಲರೂ ಬೇರೆ ಬೇರೆ ವಸ್ತು ಎಣಿಸ್ತಾ ಇರ್ತಾರೆ.

ಒಂದು, ಪ್ರತಿ ಕಂಪನಿಯ ರೋಬೋ ನಡೆದ ದಾರಿ ಬೇರೆ. ನಮ್ಮ ವರ್ಜೀನಿಯಾದ ಲೌಡನ್ ಕೌಂಟಿ, ಅಟ್ಲಾಂಟಾ ಪಕ್ಕದ ಡಗ್ಲಸ್ ಕೌಂಟಿ, ನಾರ್ತ್ ಕ್ಯಾರೊಲಿನಾದ ಲೆನೋಯರ್, ಸೌತ್ ಕ್ಯಾರೊಲಿನಾದ ಬರ್ಕ್‌ಲಿ ಕೌಂಟಿ, ಈ ನಾಲ್ಕೂ ಕಡೆ ಗೂಗಲ್‌ನ ಡೇಟಾ ಸೆಂಟರ್ ಇದೆ. ಅಷ್ಟು ಕಟ್ಟಡ ಕಟ್ಟಿದವರಿಗೂ ಇಡೀ ಇಂಟರ್‌ನೆಟ್ಟನ್ನು ದಿನಾ ಸುತ್ತೋಕೆ ಆಗಲ್ಲ. ಜನ ಹೆಚ್ಚು ನೋಡುವ ಪುಟಕ್ಕೆ ಬೇಗ ಬರ್ತಾರೆ, ಮೂಲೆಯ ಪುಟಕ್ಕೆ ತಿಂಗಳುಗಟ್ಟಲೆ ಬರಲ್ಲ. ಹಾಗಾಗಿ ತೆಗೆದುಹಾಕಿದ ಲಿಂಕ್ ಇನ್ನೂ ಪಟ್ಟಿಯಲ್ಲಿರುತ್ತೆ, ಮೊನ್ನೆ ಬಂದ ಲಿಂಕ್ ಇರಲ್ಲ.

ಎರಡು, ಎಣಿಕೆಯ ಘಟಕ. ರಾಜ್ಯೋತ್ಸವಕ್ಕೆ ನೀವು ಸ್ಪಾನ್ಸರ್ ಆದಿರಿ ಅಂದುಕೊಳ್ಳಿ. ಕೂಟದವರು ನಿಮ್ಮ ಲೋಗೋವನ್ನು ಲಿಂಕ್ ಸಮೇತ ಸೈಟಿನ ಅಡಿಭಾಗದಲ್ಲಿ ಹಾಕಿದರು. ಆ ಸೈಟಿನಲ್ಲಿ 300 ಪುಟ ಇದ್ದರೆ ನಿಮ್ಮ ಲೆಕ್ಕದಲ್ಲಿ 300 ಲಿಂಕ್! ಶಿಫಾರಸು ಮಾಡಿದವರು ಮಾತ್ರ ಒಬ್ಬರೇ. ಇ-ಮೇಲಿನಲ್ಲಿ ಹೆದರಿಸೋ 900 ಅನ್ನೋದು ಇಂಥ ಮೂರು ಸೈಟಿನಿಂದ ಬಂದಿದ್ದರೂ ಆಶ್ಚರ್ಯವಿಲ್ಲ.

ಮೂರು, ತೂಕ. 2005ರಿಂದ ‘ನೋಫಾಲೋ’ ಅನ್ನೋ ಗುರುತಿದೆ. ಲಿಂಕ್ ಕೊಟ್ಟಿದ್ದೇನೆ, ಆದರೆ ಇದು ನನ್ನ ಶಿಫಾರಸು ಅಲ್ಲ ಅಂತ ಅದರ ಅರ್ಥ. ವಿಕಿಪೀಡಿಯಾದಿಂದ ಹೊರಗೆ ಹೋಗುವ ಲಿಂಕ್‌ಗಳಿಗೆಲ್ಲ ಈ ಗುರುತು ಇರುತ್ತೆ. ಸರ್ಚ್ ಕನ್ಸೋಲ್ ಪಟ್ಟಿಯಲ್ಲಿ ಇಂಥವೂ ಸೇರಿಕೊಂಡಿರುತ್ತವೆ, ಯಾವುದು ಯಾವುದು ಅಂತ ಬೇರೆ ಮಾಡಿ ತೋರಿಸಲ್ಲ.

ನಾಲ್ಕು, ನಮ್ಮ ಮಟ್ಟಿಗೆ ಇದೇ ದೊಡ್ಡದು: ವಾಟ್ಸಾಪ್. ಅಪೆಕ್ಸ್‌ನಲ್ಲೋ ಆಲ್ಫರೆಟ್ಟಾದಲ್ಲೋ ಯಾರಿಗಾದರೂ ಹೋಳಿಗೆ ಬೇಕಾದರೆ ಮೊದಲು ಕೇಳೋದು ವಾಟ್ಸಾಪ್ ಗುಂಪಿನಲ್ಲಿ. ಅಲ್ಲಿ ನಿಮ್ಮ ಸೈಟಿನ ಲಿಂಕ್ ಐವತ್ತು ಸಲ ಓಡಾಡಿದರೂ ಹುಡುಕು ಯಂತ್ರಕ್ಕೆ ಕಾಣಲ್ಲ, ಮುಚ್ಚಿದ ಫೇಸ್‌ಬುಕ್ ಗುಂಪೂ ಹಾಗೇ. ಅಂದರೆ ನಿಮಗೆ ನಿಜವಾಗಿ ಗಿರಾಕಿ ತರುವ ಬಾಯಿಮಾತಿನ ದೊಡ್ಡ ಪಾಲು ಈ ವರದಿಯಲ್ಲಿ ಸೊನ್ನೆ.

ಲೆಕ್ಕ ಕಾಣಲ್ಲ ಅಂತ ಲಿಂಕ್ ಕೊಂಡುಕೊಳ್ಳೋಕೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಜೆ.ಸಿ. ಪೆನಿ ಉದಾಹರಣೆ ಇದೆ. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಬ್ಬ ಪರಿಣತರ ಕೈಲಿ ಹುಡುಕಿಸಿ, ಬಟ್ಟೆಗೂ ಹಾಸಿಗೆಗೂ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಆ ಅಂಗಡಿಯ ಸೈಟಿಗೆ ಲಿಂಕ್ ಇರೋದನ್ನು ಬಯಲು ಮಾಡಿತು. ಅವರು ಬಳಸಿದ್ದು ಗೂಗಲ್ ಅಲ್ಲ, ಹೊರಗಿನವರ ‘ಓಪನ್ ಸೈಟ್ ಎಕ್ಸ್‌ಪ್ಲೋರರ್’. ತಾನು ಅದಕ್ಕೆ ಅನುಮತಿ ಕೊಟ್ಟಿರಲಿಲ್ಲ ಅಂತ ಕಂಪನಿ ಹೇಳಿತು. ಆದರೂ ಗೂಗಲ್ ಆ ಸೈಟನ್ನು ಎಷ್ಟೋ ಪುಟ ಕೆಳಕ್ಕೆ ತಳ್ಳಿತು. 2012ರ ಏಪ್ರಿಲಿನಲ್ಲಿ ‘ಪೆಂಗ್ವಿನ್’ ಬಂದ ಮೇಲೆ ಇಂಥದ್ದಕ್ಕೆ ಹಿಡಿತ ಇನ್ನೂ ಬಿಗಿಯಾಯಿತು. ರ್‍ಯಾಂಕಿಗೋಸ್ಕರ ಲಿಂಕ್ ಕೊಳ್ಳೋದು ಗೂಗಲ್ ನಿಯಮಕ್ಕೆ ವಿರುದ್ಧ. ಕೊಂಡುಕೊಟ್ಟ ಏಜೆನ್ಸಿ ಹೋಗ್ತಾನೇ ಇರುತ್ತೆ, ಕೆಳಗೆ ಬೀಳೋದು ನಿಮ್ಮ ಸೈಟು.

ಹಾಗಾದರೆ ಏನು ಮಾಡೋದು? ನಮ್ಮ ಕ್ಯಾಶ್ ಬುಕ್ಕು, ಪಾಸ್ ಬುಕ್ಕು ತಾಳೆ ನೋಡುವ ಪದ್ಧತಿಯೇ ಸಾಕು.

ಮೂರು ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್ ಪಟ್ಟಿ ಇಳಿಸಿ, ತಾರೀಖು ಹಾಕಿ ಇಟ್ಟುಕೊಳ್ಳಿ. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಕೂಡ ಪುಕ್ಕಟೆ, ಅದನ್ನೂ ಇಳಿಸಿ. ನಿಮಗೆ ಲಿಂಕ್ ಕೊಟ್ಟಿದ್ದಾರೆ ಅಂತ ನಿಮಗೇ ಗೊತ್ತಿರುವ ಕೂಟ, ದೇವಸ್ಥಾನ, ಸ್ಥಳೀಯ ಪತ್ರಿಕೆಗಳ ಹೆಸರು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೂರನ್ನೂ ಪಕ್ಕದಲ್ಲಿಟ್ಟು ನೋಡಿ. ನಿಮಗೆ ಗೊತ್ತಿರುವ ಹತ್ತರಲ್ಲಿ ಗೂಗಲ್ ಪಟ್ಟಿಯಲ್ಲಿ ಎಷ್ಟಿವೆ ಅಂತ ಎಣಿಸಿದರೆ, ಆ ವರದಿಯನ್ನು ಎಷ್ಟು ನಂಬಬಹುದು ಅನ್ನೋದು ಅಲ್ಲೇ ಸಿಗುತ್ತೆ. ಒಟ್ಟು ಲಿಂಕ್ ಬಿಟ್ಟು, ಎಷ್ಟು ಬೇರೆ ಬೇರೆ ಸೈಟುಗಳು ಅನ್ನೋದನ್ನ ಮಾತ್ರ ನೋಡಿ. ಒಂದು ಮೂಲದ ಅಂಕಿಯನ್ನು ಇನ್ನೊಂದು ಮೂಲದ ಅಂಕಿಗೆ ಹೋಲಿಸಬೇಡಿ; ಅದೇ ಮೂಲದ ಹಿಂದಿನ ಪಟ್ಟಿಗೆ ಹೋಲಿಸಿ.

‘ವಿಷಕಾರಿ ಲಿಂಕ್’ ಇದೆ, ತೆಗೆಸಬೇಕು ಅಂತ ಯಾರಾದರೂ ಹೆದರಿಸಿದರೆ ಗಾಬರಿ ಬೇಡ. ಲಿಂಕ್ ನಿರಾಕರಿಸೋಕೆ ಗೂಗಲ್ 2012ರಲ್ಲಿ ‘ಡಿಸವೋ’ ಸೌಲಭ್ಯ ಕೊಟ್ಟಿದೆ ನಿಜ, ಆದರೆ ಹೆಚ್ಚಿನ ಸೈಟುಗಳಿಗೆ ಅದರ ಅಗತ್ಯವೇ ಇಲ್ಲ ಅಂತ ಅದೇ ಹೇಳುತ್ತೆ.

ಇನ್ನು ಏಜೆನ್ಸಿಯವರಿಗೆ ಮೂರು ಪ್ರಶ್ನೆ ಕೇಳಿ: ಈ ಅಂಕಿ ಯಾವ ಟೂಲಿನದು, ಯಾವ ತಾರೀಖಿನದು, ಇದರಲ್ಲಿ ಬೇರೆ ಬೇರೆ ಸೈಟು ಎಷ್ಟು? ಉತ್ತರವನ್ನು ಬರವಣಿಗೆಯಲ್ಲಿ ಕೊಡದವರಿಗೆ ಚೆಕ್ ಬರೆಯಬೇಡಿ. ಹೊಸ ಗಿರಾಕಿ ಫೋನ್ ಮಾಡಿದಾಗ, ನಮ್ಮ ಬಗ್ಗೆ ಎಲ್ಲಿ ಕೇಳಿದ್ರಿ ಅಂತ ವಿಚಾರಿಸಿ ಬರೆದಿಡಿ. ಅದಕ್ಕೆ ಕಾಸು ಖರ್ಚಿಲ್ಲ.