ಐಸಿಯ ಪಿನ್ನಿಗೆ ಬಿದ್ದ ಪೆಟ್ಟು: ಒಂದು ರೋಗನಿದಾನ

ವೈದ್ಯರಾದ ನಮಗೂ ಐಸಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ರೋಗಿಯ ಹೃದಯಬಡಿತವನ್ನು ನಮಗೆ ತಿಳಿಸುವ ಮಾನಿಟರ್ ಐಸಿಗಳನ್ನೇ ನಂಬಿದೆ. ಬಳಕೆಯಲ್ಲಿರುವಾಗ ಕೆಟ್ಟ ಐಸಿಯನ್ನು ಬದಲಿಸಿದರಷ್ಟೇ ಸಾಲದು. ಕಾರಣವನ್ನರಿಯದಿದ್ದರೆ ಹೊಸದೂ ಅದೇ ಹಾದಿ ಹಿಡಿದೀತು.

ಸಿಮಾಸ್ ಐಸಿಯ ಇನ್‌ಪುಟ್ ಪಿನ್ನಿನ ಹಿಂದೆ ಅತಿ ತೆಳುವಾದ ಸಿಲಿಕಾನ್ ಡೈಆಕ್ಸೈಡ್ ಪದರವಿದೆ. ಅದರ ಕಾವಲಿಗೆ ಸಾಮಾನ್ಯವಾಗಿ ಎರಡು ಡಯೋಡ್‌ಗಳಿರುತ್ತವೆ: ಒಂದು ವಿದ್ಯುತ್ ಪೂರೈಕೆಯ ಕಡೆಗೆ, ಇನ್ನೊಂದು ಗ್ರೌಂಡಿನ ಕಡೆಗೆ. ಸ್ಥಿರವಿದ್ಯುತ್ತಿನ ಚುರುಕು ನಮ್ಮ ಬೆರಳಿಗೆ ತಿಳಿಯಲು ಸುಮಾರು 3000 ವೋಲ್ಟ್ ಬೇಕು. ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿಯೇ ಐಸಿ ಗಾಯಗೊಳ್ಳಬಲ್ಲದು. ಹೀಟರ್ ಉರಿಯುವ ಚಳಿಗಾಲದ ಒಣ ಕೋಣೆಗಳಲ್ಲಿ ಈ ಅಪಾಯ ಅಧಿಕ.

ನಿದಾನದ ಮೊದಲ ಹೆಜ್ಜೆ ಪೂರ್ವೇತಿಹಾಸ: ಆ ಪಿನ್ನಿಗೆ ಹೊರಗಿನ ಕೇಬಲ್ ಜೋಡಿಸಿತ್ತೆ? ಉಪಕರಣ ಆರಿರುವಾಗ ಕೇಬಲ್ಲಿನಿಂದ ವಿದ್ಯುತ್ ಒಳಬಂದಿತ್ತೆ? ಅನಂತರ ಐಸಿಯನ್ನು ಹೊರತೆಗೆದು, ಮಲ್ಟಿಮೀಟರನ್ನು ಡಯೋಡ್ ಪರೀಕ್ಷೆಗೆ ಹೊಂದಿಸಿ, ಕೆಂಪು ಕಡ್ಡಿಯನ್ನು ಗ್ರೌಂಡಿಗೂ ಕಪ್ಪನ್ನು ಪಿನ್ನಿಗೂ ತಾಗಿಸಬೇಕು. ಸುಮಾರು 0.6 ವೋಲ್ಟ್ ಕಂಡರೆ ಡಯೋಡ್ ಆರೋಗ್ಯವಾಗಿದೆ, ಸೊನ್ನೆಯಾದರೆ ಶಾರ್ಟ್, ಏನೂ ತೋರದಿದ್ದರೆ ಒಳದಾರಿ ಕಡಿದಿದೆ. ಒಳ್ಳೆಯ ಐಸಿಯೊಂದರ ಅದೇ ಪಿನ್ನಿನೊಡನೆ ಹೋಲಿಸುವುದು ಕ್ಷೇಮ.

ಡಯೋಡ್ ಸರಿಯಿದ್ದೂ ಪದರ ಸೋರಬಹುದು. ಐಸಿಗೆ ವಿದ್ಯುತ್ ನೀಡಿ, ಪಿನ್ನಿಗೆ 100 ಕಿಲೋಓಮ್ ರೆಸಿಸ್ಟರಿನ ಮೂಲಕ ಸಂಕೇತ ಕೊಡಬೇಕು. ರೆಸಿಸ್ಟರಿನ ಎರಡು ತುದಿಗಳ ನಡುವೆ 0.1 ವೋಲ್ಟ್ ಕಂಡರೆ 1 ಮೈಕ್ರೋಆಂಪಿಯರ್ ಹರಿಯುತ್ತಿದೆಯೆಂದರ್ಥ; ಅದನ್ನು ಮೀರಿದರೆ ಸಂಶಯಿಸಬೇಕು.

ಗಾಯಗೊಂಡ ಐಸಿ ಕೆಲಕಾಲ ದುಡಿದು ಅನಂತರ ಕೈಕೊಡುವುದುಂಟು. ರೋಗಿಯ ಪಕ್ಕದಲ್ಲಿರುವ ಯಂತ್ರದ ವಿಷಯದಲ್ಲಿ ‘ಇನ್ನೂ ನಡೆಯುತ್ತಿದೆಯಲ್ಲ’ ಎಂಬ ಸಮಾಧಾನ ನಮಗೆ ಸಲ್ಲದು.